ಕಾಲರಾ ಕೋಣೆಯ ಶಾಲೆ

'ನಿನ್ನ ಬದುಕು ನಿನ್ನ ಕೈಯಲ್ಲೇ ಇದೆ' ಎನ್ನುವ ಪುಸ್ತಕಗಳು ಇಂದು ಬಸ್ ನಿಲ್ದಾಣದ ಅಂಗಡಿಗಳಲ್ಲೂ ಸಿಗುತ್ತವೆ. ಈ ಬಗೆಯ ಬರಹಕ್ಕೆ ಹೆಸರು ತಂದುಕೊಟ್ಟದ್ದು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ಸೆಲ್ಫ್ ಹೆಲ್ಪ್'. ಅದನ್ನು ಬರೆದ ಸ್ಯಾಮ್ಯುಯೆಲ್ ಸ್ಮೈಲ್ಸ್ ನಮ್ಮಂತೆಯೇ ಪತ್ರಕರ್ತರಾಗಿದ್ದವರು.

ಸ್ಮೈಲ್ಸ್ ಹುಟ್ಟಿದ್ದು 1812ರಲ್ಲಿ, ಸ್ಕಾಟ್ಲೆಂಡಿನ ಹ್ಯಾಡಿಂಗ್ಟನ್‌ನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದಾಗ, 1832ರಲ್ಲಿ, ತಂದೆ ಕಾಲರಾಕ್ಕೆ ಬಲಿಯಾದರು. ತಾಯಿ ಅಂಗಡಿ ನಡೆಸಿ ಮನೆ ಸಾಗಿಸಿದರು; ಮಗನ ಓದು ನಿಲ್ಲಲಿಲ್ಲ. 1838ರಲ್ಲಿ ಸ್ಮೈಲ್ಸ್ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು 'ಲೀಡ್ಸ್ ಟೈಮ್ಸ್' ಪತ್ರಿಕೆಯ ಸಂಪಾದಕರಾದರು. ಹೆಚ್ಚು ಜನರಿಗೆ ಮತದಾನದ ಹಕ್ಕು ಸಿಗಬೇಕೆಂದು ಬರೆದರು. ಮುಂದೆ ರೈಲ್ವೆ ಕಂಪನಿಯೊಂದರ ಕಾರ್ಯದರ್ಶಿಯಾದರು.

ಆ ಊರಿನ ಕೆಲವು ದುಡಿಯುವ ಹುಡುಗರು ಸಂಜೆ ಹೊತ್ತು ಒಟ್ಟಿಗೆ ಕೂತು ಓದತೊಡಗಿದ್ದರು. ಮೊದಲು ಒಬ್ಬನ ಮನೆಯಲ್ಲಿ, ಬೇಸಿಗೆಯಲ್ಲಿ ತೋಟದ ಬಯಲಲ್ಲಿ. ಸಂಖ್ಯೆ ನೂರರ ಹತ್ತಿರ ಬಂದಾಗ ಜಾಗ ಬೇಕಾಯಿತು. ಸಿಕ್ಕಿದ್ದು ಹಿಂದೆ ತಾತ್ಕಾಲಿಕ ಕಾಲರಾ ಆಸ್ಪತ್ರೆಯಾಗಿದ್ದ ಕೋಣೆ. ಭಯದಿಂದ ಅದನ್ನು ಯಾರೂ ಬಾಡಿಗೆಗೆ ಹಿಡಿಯುತ್ತಿರಲಿಲ್ಲ. ಹುಡುಗರು ಹಿಡಿದರು, ದೀಪ ಹಚ್ಚಿ, ಬೆಂಚು ಹಾಕಿದರು. ಸ್ವಲ್ಪ ಬಲ್ಲವನು ಏನೂ ಬಾರದವನಿಗೆ ಓದು, ಬರಹ, ಲೆಕ್ಕ ಕಲಿಸಿದ. ಇವರ ಕರೆಗೆ ಓಗೊಟ್ಟು ಸ್ಮೈಲ್ಸ್ 1845ರಲ್ಲಿ ಮಾಡಿದ ಭಾಷಣವೇ ಮುಂದೆ ಪುಸ್ತಕವಾಗಿ ಬೆಳೆಯಿತು.

1855ರಲ್ಲಿ ಒಬ್ಬ ಪ್ರಕಾಶಕರು ಹಸ್ತಪ್ರತಿ ತಿರಸ್ಕರಿಸಿದರು. ನಾಲ್ಕು ವರ್ಷಗಳ ನಂತರ ಜಾನ್ ಮರ್ರೆ ಸಂಸ್ಥೆ ಪ್ರಕಟಿಸಿದಾಗ ಮೊದಲ ವರ್ಷವೇ 20,000 ಪ್ರತಿ ಮಾರಾಟವಾದವು. 1871ರಲ್ಲಿ ನಕಮುರಾ ಮಸನಾವೊ ಮಾಡಿದ ಜಪಾನಿ ಅನುವಾದವೂ ಬಹಳ ಹೆಸರಾಯಿತು.

ಆದರೆ ಓದುಗರ ಮನಸ್ಸಿನಲ್ಲಿ ಉಳಿದದ್ದು ಬಡತನದಿಂದ ಮೇಲೆದ್ದ ಎಂಜಿನಿಯರುಗಳ, ಸಂಶೋಧಕರ ಕಥೆಗಳು. ಕೋಣೆಯ ಕಥೆ ಪೀಠಿಕೆಯಲ್ಲೇ ಉಳಿಯಿತು. ಶೀರ್ಷಿಕೆಯಷ್ಟನ್ನೇ ನೋಡಿದವರು ಇದು ಸ್ವಾರ್ಥದ ಹೊಗಳಿಕೆ ಎಂದುಕೊಂಡರು. ಆ ಶೀರ್ಷಿಕೆ ಸರಿಹೋಗಲಿಲ್ಲ ಎಂದು ಸ್ಮೈಲ್ಸ್ ಅವರೇ 1866ರ ಆವೃತ್ತಿಯ ಮುನ್ನುಡಿಯಲ್ಲಿ ಒಪ್ಪಿಕೊಂಡರು. ತನಗೆ ತಾನು ನೆರವಾಗುವುದರಲ್ಲಿ ನೆರೆಯವನಿಗೆ ನೆರವಾಗುವುದೂ ಸೇರಿದೆ ಎಂಬುದು ಅವರ ವಾದವಾಗಿತ್ತು. 1904ರಲ್ಲಿ ಅವರು ತೀರಿಕೊಂಡರು. ತಪ್ಪು ಗ್ರಹಿಕೆ ಮಾತ್ರ ಉಳಿದುಕೊಂಡಿತು.

ಊರಿನ ಗ್ರಂಥಾಲಯಕ್ಕೆ ಬೀಗ ಹಾಕಿಟ್ಟು, 'ಹುಡುಗರಿಗೆ ಛಲವಿಲ್ಲ' ಎನ್ನುವ ಮಾತನ್ನು ನಾವು ಇಂದಿಗೂ ಕೇಳುತ್ತೇವೆ. ಲೀಡ್ಸ್‌ನ ಹುಡುಗರಿಗೆ ಛಲವಿತ್ತು, ನಿಜ. ಜೊತೆಗೆ ಒಂದು ಕೋಣೆ, ಒಂದು ದೀಪ, ಪಕ್ಕದಲ್ಲಿ ಕೂತು ಕಲಿಸುವ ಗೆಳೆಯನೂ ಇದ್ದ.