ಜ್ವರಮಾಪಕದ ಮುಂದೆ ನಿಂತ ಪ್ರಯಾಣಿಕ

ಗೌರಿಬಿದನೂರು ತಾಲ್ಲೂಕಿನ ಅಲೀಪುರದ ನಿವಾಸಿಗಳಲ್ಲಿ ಬಹುಪಾಲು ಶಿಯಾ ಮುಸ್ಲಿಮರು. ಹರಳು ವ್ಯಾಪಾರಕ್ಕೂ ಮೊಹರಂ ಆಚರಣೆಗೂ ಹೆಸರಾದ ಊರು ಇದು. ಕರ್ಬಲಾ, ನಜಫ್, ಮಶ್ಹದ್‌ಗಳ ಯಾತ್ರೆ ಇಲ್ಲಿ ಮನೆಮಾತು. ಆದ್ದರಿಂದ 2020ರ ಫೆಬ್ರುವರಿ 19ರಂದು ಇರಾನಿನ ಕೋಮ್ ನಗರದಲ್ಲಿ ಕೋವಿಡ್ ಕಾಣಿಸಿಕೊಂಡಿದ್ದು ಬೇರೆ ಊರುಗಳಿಗೆ ಪರದೇಶದ ಸುದ್ದಿಯಾಗಿದ್ದರೆ, ಇಲ್ಲಿಗೆ ಹಾಗಿರಲಿಲ್ಲ. ಮುಂದಿನ ತಿಂಗಳು ತಾಲ್ಲೂಕು ಕೇಂದ್ರವಾದ ಗೌರಿಬಿದನೂರಿನಲ್ಲೇ, ಮೆಕ್ಕಾ ಯಾತ್ರೆ ಮುಗಿಸಿ ಬಂದವರಲ್ಲಿ ಸೋಂಕು ದೃಢಪಟ್ಟಿತು. ವಿಮಾನ ನಿಲ್ದಾಣಗಳಲ್ಲಿ ಜ್ವರ ತಪಾಸಣೆ ನಡೆಯುತ್ತಿದ್ದ ದಿನಗಳವು. ಆದರೂ ರೋಗ ಒಳಗೆ ಬಂದಿತ್ತು.

ಕಾಲೇಜು ಮತ್ತೆ ತೆರೆದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಗೇಟಿನಲ್ಲಿ ನನ್ನ ಹಣೆಗೆ ಹಿಡಿದ ಯಂತ್ರ 33 ಡಿಗ್ರಿ ತೋರಿಸಿತು. ನಾನು ಬದುಕಿದ್ದೇನೆಯೇ?" ತರಗತಿ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಪ್ರಯಾಣಿಕನನ್ನು ಜ್ವರಮಾಪಕದ ಮುಂದೆ ನಿಲ್ಲಿಸಿ "ಹೋಗು" ಅಥವಾ "ನಿಲ್ಲು" ಎನ್ನುವ ಪದ್ಧತಿಗೆ ನಮ್ಮ ನಾಡಿನಲ್ಲಿ ನೂರಿಪ್ಪತ್ತು ವರ್ಷಗಳ ಇತಿಹಾಸವಿದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು ಪತ್ತೆಯಾಯಿತು. ಮರುವರ್ಷ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 2020ರಲ್ಲಿ ಸರ್ಕಾರಗಳು ಹೊರತೆಗೆದದ್ದು ಈ ಹಳೆಯ ಕಾಯಿದೆಯನ್ನೇ. ಅದೇ 1897ರಲ್ಲಿ ಭಾರತದಿಂದ ಹಜ್ ಯಾತ್ರಿಕರ ಹಡಗುಗಳನ್ನೂ ತಡೆಯಲಾಯಿತು. ರೋಗ ರೈಲು ಮಾರ್ಗ ಹಿಡಿದು ಧಾರವಾಡ, ಹುಬ್ಬಳ್ಳಿಗಳಿಗೆ ಬಂತು. ಅಲ್ಲಿಂದ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಹುಬ್ಬಳ್ಳಿ ಮತ್ತು ಬೆಂಗಳೂರುಗಳನ್ನು ಜೋಡಿಸಿದ ಹಳಿಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. ಗೌರಿಬಿದನೂರಿನ ಮೂಲಕ ಹಿಂದೂಪುರದ ಕಡೆಗೆ ಹೋಗುವ ಹಳಿ ಅದಕ್ಕಿಂತಲೂ ಹೊಸದು.

ನಿಲ್ದಾಣಗಳಲ್ಲಿ ತಪಾಸಣೆ ಶುರುವಾಯಿತು. ರೈಲು ನಿಂತೊಡನೆ ಪ್ರಯಾಣಿಕರನ್ನು ಇಳಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ವೈದ್ಯರು ಮೈಬಿಸಿ ನೋಡಿ, ಕಂಕುಳು ತೊಡೆಸಂದುಗಳಲ್ಲಿ ಗಡ್ಡೆಗಳಿವೆಯೇ ಎಂದು ತಡವುತ್ತಿದ್ದರು. ಇಂಗ್ಲೆಂಡಿನ ಆಲ್ಬಟ್ 1860ರ ದಶಕದಲ್ಲಿ ರೂಪಿಸಿದ ಗೇಣಿಗಿಂತ ಚಿಕ್ಕ ಜ್ವರಮಾಪಕ ಜೇಬಿನಲ್ಲಿ ಹಿಡಿಸುವಂತಿದ್ದುದರಿಂದಲೇ ಇಂಥ ತಪಾಸಣೆ ಸಾಧ್ಯವಾಗಿತ್ತು. ಆದರೆ ಅಪರಿಚಿತ ಗಂಡಸು ಹೆಂಗಸರ ಮೈಮುಟ್ಟಿ ನೋಡುವುದನ್ನು ಯಾರು ಸಹಿಸಿಯಾರು? ಮನೆಗಳೊಳಗೆ ಸೈನಿಕರು ನುಗ್ಗಿದ ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ 1897ರ ಜೂನ್‌ನಲ್ಲಿ ಗುಂಡೇಟು ತಿಂದ. ನಮ್ಮ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ 1898ರ ಕೊನೆಯ ಭಾಗದಲ್ಲಿ ಜನ ದಂಗೆ ಎದ್ದರು. ಮೈಸೂರು ಸಂಸ್ಥಾನದ ಪ್ಲೇಗ್ ಕಮಿಷನರ್ ಆಗಿದ್ದವರು ವಿ. ಪಿ. ಮಾಧವರಾವ್, ಮುಂದೆ ದಿವಾನರೂ ಆದರು.

ಗೌರಿಬಿದನೂರು ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿತ್ತು (ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ). ಸ್ವಲ್ಪ ದೂರದ ಹಿಂದೂಪುರ ಮದ್ರಾಸ್ ಪ್ರಾಂತ್ಯದ್ದು. ಈ ಗಡಿ ದಾಟುವುದು ಆಗ ಸಲೀಸಾಗಿರಲಿಲ್ಲ. ಮದ್ರಾಸ್ ಸರ್ಕಾರ 'ಪ್ಲೇಗ್ ಪಾಸ್‌ಪೋರ್ಟ್' ಎಂಬ ಚೀಟಿಯನ್ನು ಜಾರಿಗೆ ತಂದಿತ್ತು. ಸೋಂಕಿರುವ ಪ್ರದೇಶದಿಂದ ಬಂದವನ ಹೆಸರು, ಹೋಗುವ ಊರು ಬರೆದ ಚೀಟಿ ಅದು. ಊರು ಸೇರಿದ ಮೇಲೆ ಅವನು ಹತ್ತು ದಿನ, ದಿನವೂ ಅಲ್ಲಿಯ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ, ಮನೆಯಲ್ಲಿ ದಿಗ್ಬಂಧನದಲ್ಲಿದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಸೆಲ್ಫಿ ತೆಗೆದು ಕಳುಹಿಸಬೇಕೆಂದು ಹೇಳಿತು. ಮುಂಗೈಗೆ ಮುದ್ರೆಯನ್ನೂ ಒತ್ತಿತು. ಚೀಟಿ ಹೋಗಿ ಮೊಬೈಲು ಬಂದಿತ್ತು, ಅಷ್ಟೇ ವ್ಯತ್ಯಾಸ.

ಈ ಎರಡು ಕ್ರಮಗಳನ್ನು, ಅಂದರೆ ನಿಲ್ದಾಣದ ತಪಾಸಣೆಯನ್ನೂ ಹತ್ತು ದಿನಗಳ ಹಾಜರಿಯನ್ನೂ, ಒಂದೇ ತಕ್ಕಡಿಯಲ್ಲಿ ತೂಗಬಾರದು. ರೋಗಾಣು ದೇಹ ಹೊಕ್ಕ ದಿನಕ್ಕೂ ಜ್ವರ ಕಾಣಿಸುವ ದಿನಕ್ಕೂ ನಡುವೆ ಒಂದು ಅಂತರವಿದೆ. ಇದನ್ನು ಪರಿಪಾಕ ಅವಧಿ ಎನ್ನುತ್ತಾರೆ. ಗಡ್ಡೆ ಪ್ಲೇಗಿನಲ್ಲಿ ಇದು ಸಾಮಾನ್ಯವಾಗಿ 2ರಿಂದ 8 ದಿನ. ಮೊದಲು ಬಂದ ಕೋವಿಡ್ ತಳಿಗಳಲ್ಲಿ ಸರಾಸರಿ 5 ದಿನ, ಕೆಲವರಲ್ಲಿ ಎರಡು ವಾರದವರೆಗೂ. ಈ ಅವಧಿಯಲ್ಲಿ ಜ್ವರಮಾಪಕ ಎಷ್ಟೇ ನಿಖರವಾಗಿದ್ದರೂ ಏನನ್ನೂ ಹೇಳದು. ಹತ್ತು ದಿನ, ಹದಿನಾಲ್ಕು ದಿನ ಎಂದು ಕಾಯಿಸಿದ್ದೇ ಸರಿಯಾದ ಅಳತೆ. ಅಲ್ಲಿ ಅಳೆದದ್ದು ಶಾಖವನ್ನಲ್ಲ, ಕಾಲವನ್ನು.

ಹಾಗಿದ್ದರೆ ಪ್ಲೇಗು ನಿಲ್ಲಲಿಲ್ಲವೇಕೆ? ಅಧಿಕಾರಿಗಳು ಕಾಯುತ್ತಿದ್ದುದು ಮನುಷ್ಯನನ್ನು. ರೋಗ ಮುಖ್ಯವಾಗಿ ಸಾಗುತ್ತಿದ್ದುದು ಇಲಿ ಮತ್ತು ಚಿಗಟಗಳ ಜೊತೆಯಲ್ಲಿ. ಪ್ರಯಾಣಿಕ ಮೂರನೆಯ ದರ್ಜೆಯ ಡಬ್ಬಿಯಿಂದ ಇಳಿದು ಕಂಕುಳು ತೋರಿಸುತ್ತಿದ್ದಾಗ, ಅದೇ ರೈಲಿನ ಗೂಡ್ಸ್ ಡಬ್ಬಿಯಲ್ಲಿ ಧಾನ್ಯದ ಮೂಟೆಗಳು ಯಾರ ತಪಾಸಣೆಯೂ ಇಲ್ಲದೆ ಮುಂದಿನ ಊರಿಗೆ ಹೋಗುತ್ತಿದ್ದವು. ಚಿಗಟವೇ ರೋಗವಾಹಕ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊನ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲೇ, ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ. ನಂಬಿದವರು ಕಡಿಮೆ. 1905ರ ನಂತರ ಮುಂಬಯಿಯಲ್ಲಿ ನಡೆದ ಪ್ರಯೋಗಗಳು ಸಂದೇಹ ಕಳೆದವು. ಚಿಗಟ ಜಿಗಿದು ಮುಟ್ಟಲಾರದ ಎತ್ತರದಲ್ಲಿ ತೂಗುಹಾಕಿದ ಪಂಜರದ ಗಿನಿಯಿಲಿ ಉಳಿಯಿತು. ನೆಲದ ಮೇಲಿನ ಪಂಜರದ್ದು ಸತ್ತಿತು. ಇಷ್ಟು ಸರಳ, ಇಷ್ಟು ಸುಂದರ ಪ್ರಯೋಗ ಜೀವಶಾಸ್ತ್ರದಲ್ಲಿ ಅಪರೂಪವೆಂದು ನನ್ನಂಥ ಭೌತವಿಜ್ಞಾನಿಗೂ ಅನ್ನಿಸುತ್ತದೆ.

ನಮ್ಮ ಹಳ್ಳಿಗರಿಗೆ ಇದರ ಸುಳಿವು ಮೊದಲೇ ಇತ್ತು. "ಇಲಿ ಬಿದ್ದವು" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಚಿಗಟದ ವಿಷಯ ಅವರಿಗೆ ಗೊತ್ತಿರಲಿಲ್ಲ. ಯಾವುದರಿಂದ ದೂರ ಹೋಗಬೇಕು ಎಂಬುದು ಗೊತ್ತಿತ್ತು. ಪ್ಲೇಗಮ್ಮನಿಗೆ ಪೂಜೆ ಸಲ್ಲಿಸಿದ ಜನರನ್ನು ನಾವು ಮೂಢರೆಂದು ತಳ್ಳಿಬಿಡುತ್ತೇವೆ. ಅವರ ವೀಕ್ಷಣೆ ನಿಲ್ದಾಣದ ವೈದ್ಯನದಕ್ಕಿಂತ ಚುರುಕಾಗಿತ್ತು.

ಲಸಿಕೆಯ ಪ್ರಮಾಣಪತ್ರವೂ ಹೊಸದಲ್ಲ. ಹಾಫ್‌ಕಿನ್ 1897ರ ಜನವರಿ 10ರಂದು ತನ್ನ ಪ್ಲೇಗು ಲಸಿಕೆಯನ್ನು ತಾನೇ ಚುಚ್ಚಿಸಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಮುಂಬಯಿ ಪ್ರಾಂತ್ಯದಲ್ಲಿ ಲಸಿಕೆ ಚೀಟಿ ಇದ್ದವರಿಗೆ ಪ್ರಯಾಣದ ಕಟ್ಟುಪಾಡುಗಳಿಂದ ವಿನಾಯಿತಿ ಸಿಗುತ್ತಿತ್ತು. 2022ರಲ್ಲಿ ಹಜ್ ಹೊರದೇಶದವರಿಗೆ ಮತ್ತೆ ತೆರೆದಾಗ ಸೌದಿ ಸರ್ಕಾರ ಕೇಳಿದ್ದೂ ಲಸಿಕೆಯ ಪತ್ರವನ್ನೇ. ಜೊತೆಗೆ ವಯಸ್ಸು 65ರೊಳಗಿರಬೇಕಿತ್ತು.

ಈಗ ಆ ವಿದ್ಯಾರ್ಥಿನಿಯ 33 ಡಿಗ್ರಿಗೆ ಬರೋಣ. ಪ್ರತಿಯೊಂದು ಕಾಯವೂ ತನ್ನ ಉಷ್ಣತೆಗೆ ತಕ್ಕಂತೆ ಅವಕೆಂಪು ವಿಕಿರಣ ಸೂಸುತ್ತದೆ. 310 ಕೆಲ್ವಿನ್‌ನಲ್ಲಿ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದರ ಶಿಖರ 9.3 ಮೈಕ್ರೋಮೀಟರ್ ತರಂಗಾಂತರದ ಬಳಿ ಇರುತ್ತದೆ. ಸೂಸುವ ಶಕ್ತಿ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತದಂತೆ ಏರುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಶಕ್ತಿಯಲ್ಲಿ ಆಗುವ ಹೆಚ್ಚಳ ಕೇವಲ ಶೇಕಡ 1.3ರಷ್ಟು. ಜ್ವರ ಇದೆಯೇ ಇಲ್ಲವೇ ಎಂಬುದನ್ನು ಯಂತ್ರ ಇಷ್ಟು ಸಣ್ಣ ವ್ಯತ್ಯಾಸದಿಂದ ಹೇಳಬೇಕು. ಅದು ನೋಡುವುದಾದರೂ ರಕ್ತದ ಉಷ್ಣತೆಯನ್ನಲ್ಲ, ಹಣೆಯ ಚರ್ಮದ್ದನ್ನು. ಬಿಸಿಲಿನಲ್ಲಿ ನಡೆದು ಬಂದವನ ಹಣೆ ಕಾದಿರುತ್ತದೆ, ಬೆವರು ಆರುತ್ತಿದ್ದರೆ ತಣ್ಣಗಿರುತ್ತದೆ. ಹಾಗಾಗಿ ಅವಳು ಬದುಕಿದ್ದಳು, ಯಂತ್ರವೂ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

2020ರ ಆಗಸ್ಟ್ 24ರಂದು ಕರ್ನಾಟಕ ಹೊರರಾಜ್ಯದಿಂದ ಬರುವವರ ನೋಂದಣಿ, ಕೈಮುದ್ರೆ, ಹದಿನಾಲ್ಕು ದಿನಗಳ ದಿಗ್ಬಂಧನ ಎಲ್ಲವನ್ನೂ ಕೈಬಿಟ್ಟಿತು. ಸೆಪ್ಟೆಂಬರ್ ಮೊದಲ ಭಾಗದಲ್ಲಿ ಇದೇ ಜಿಲ್ಲೆಯ ನಂದಿಬೆಟ್ಟ ಪ್ರವಾಸಿಗರಿಗೆ ತೆರೆಯಿತು. ಅಳೆಯುವುದಕ್ಕೆ ಸರಿಯಾದ ರಾಶಿಯಾಗಿದ್ದ 'ಕಾಲ'ವನ್ನು ಬಿಟ್ಟೆವು. ಜ್ವರಮಾಪಕವನ್ನೂ ಕೈಗೆ ಹಾಕುವ ದ್ರಾವಣವನ್ನೂ ಉಳಿಸಿಕೊಂಡೆವು. ಕೆಲವೆಡೆ ಬ್ಯಾಗು, ಸೀಟುಗಳಿಗೆಲ್ಲ ಔಷಧ ಸಿಂಪಡಿಸಿದರು. ಕೊರೊನಾ ವೈರಸ್ ಮುಖ್ಯವಾಗಿ ಹರಡುವುದು ಉಸಿರಾಡುವ ಗಾಳಿಯ ಮೂಲಕ ಎಂಬುದಕ್ಕೆ ಆಗಲೇ ಸಾಕಷ್ಟು ಆಧಾರವಿತ್ತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಸ್ಪಷ್ಟ ಮಾತಿನಲ್ಲಿ ಬರೆದದ್ದು 2021ರ ಏಪ್ರಿಲ್ ಕೊನೆಗೆ. ಸಿಮೊನ್‌ನ ಚಿಗಟಕ್ಕೆ ಆದ ಗತಿಯೇ ಗಾಳಿಗೂ ಆಯಿತು. ಈ ಬಾರಿ ತಡವಾದದ್ದು ವರ್ಷಗಳಷ್ಟಲ್ಲ, ತಿಂಗಳುಗಳಷ್ಟು. ಆದರೆ ಆ ತಿಂಗಳುಗಳು ದುಬಾರಿಯಾಗಿದ್ದವು.

ಗಾಳಿಯನ್ನು ಅಳೆಯುವುದು ಕಷ್ಟವೇ? ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು ಶೇಕಡ 4, ಅಂದರೆ ದಶಲಕ್ಷಕ್ಕೆ 40,000 ಭಾಗ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು ಸುಮಾರು 420 ಭಾಗ. ಮುಚ್ಚಿದ ವ್ಯಾನಿನೊಳಗೆ ಮಾಪಕ 2,420 ತೋರಿಸಿತು ಎಂದಿಟ್ಟುಕೊಳ್ಳಿ. ಹೆಚ್ಚಾದ 2,000 ಭಾಗ ಯಾರೋ ಬಿಟ್ಟ ಉಸಿರಿನಿಂದ ಬಂದದ್ದು. 2,000ವನ್ನು 40,000ದಿಂದ ಭಾಗಿಸಿದರೆ ಇಪ್ಪತ್ತರಲ್ಲೊಂದು. ನೀವು ಎಳೆದುಕೊಳ್ಳುವ ಪ್ರತಿ ಇಪ್ಪತ್ತು ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಆಗಲೇ ಆ ವ್ಯಾನಿನಲ್ಲಿರುವವರ ಶ್ವಾಸಕೋಶಗಳಿಂದ ಬಂದದ್ದು! ಕಿಟಕಿ ಸರಿಸಿದರೆ ಕೆಲವೇ ನಿಮಿಷಗಳಲ್ಲಿ ಈ ಅಂಕಿ ಇಳಿಯುವುದನ್ನು ಶಾಲಾ ಪ್ರವಾಸದ ಬಸ್ಸಿನಲ್ಲೇ ಮಕ್ಕಳಿಗೆ ತೋರಿಸಬಹುದು. ಮಾಪಕ ಈಗ ಶಾಲೆಯೊಂದು ಕೊಳ್ಳಬಹುದಾದ ಬೆಲೆಗೇ ಸಿಗುತ್ತದೆ.

ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಹೊರಟವರು ಬೆಂಗಳೂರಿನಿಂದ ನಸುಕಿಗೂ ಮೊದಲೇ ಹೊರಡುತ್ತಾರೆ. ಚಳಿಗೆ ಗಾಜುಗಳನ್ನೆಲ್ಲ ಏರಿಸಿ, ಹತ್ತು ಜನ ಒಂದೇ ವ್ಯಾನಿನಲ್ಲಿ, ಹಾಡುತ್ತಾ ಬರುತ್ತಾರೆ. ಆ ದಿನಗಳಲ್ಲಿ ಕೆಳಗೆ ಗೇಟಿನಲ್ಲಿ ಗಾಜು ಇಳಿಸಿ ಒಬ್ಬೊಬ್ಬರ ತಣ್ಣಗಿನ ಹಣೆಗೂ ಯಂತ್ರ ಹಿಡಿಯುತ್ತಿದ್ದರು. ಅದಾದ ಮೇಲೆ ಗಾಜು ಮತ್ತೆ ಮೇಲಕ್ಕೆ. 1,478 ಮೀಟರ್ ಎತ್ತರದಲ್ಲಿ ಇಳಿದು, ಮಂಜು ತೂರಿಕೊಂಡು ಹೋಗುವ ಗಾಳಿಯಲ್ಲಿ ನಿಂತ ಮೇಲೆಯೇ ಜೇಬಿನಿಂದ ಮಾಸ್ಕು ತೆಗೆದು ಮುಖಕ್ಕೆ ಏರಿಸುತ್ತಿದ್ದರು.