ಅಕ್ಷರ ನಮ್ಮೂರಿಗೆ ಬಂದ ದಾರಿ

ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟವೆಂಬ ರಾಜಧಾನಿಯಾಗಿತ್ತು. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ವನ್ನು ಬರೆದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ ಅದು. ಓದು ಕಲಿಯದವರೂ ಕಾವ್ಯದಲ್ಲಿ ಪಳಗಿದವರು ಎಂದು ಈ ನಾಡಿನ ಜನರನ್ನು ಅದು ಹೊಗಳುತ್ತದೆ. ಈ ಮಾತನ್ನು ಪ್ರತಿ ನವೆಂಬರಿನಲ್ಲಿ ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಹೊಡೆಯುತ್ತೇವೆ. ಆದರೆ ಅದೇ ನೆಲದಲ್ಲಿ 1991ರ ಜನಗಣತಿಯ ಹೊತ್ತಿಗೆ ಓದಲು ಬರೆಯಲು ಬಲ್ಲವರು ನೂರಕ್ಕೆ 38ರ ಆಸುಪಾಸಿನಲ್ಲಿದ್ದರು. ಆಗ ಇಡೀ ರಾಜ್ಯದ ಪ್ರಮಾಣ 56 ಇತ್ತು. ಮೊದಲ ಗ್ರಂಥ ಹುಟ್ಟಿದ ಸೀಮೆಗೆ ಅಕ್ಷರ ಇಷ್ಟು ತಡವಾಗಿ ಬಂದದ್ದೇಕೆ? ಈ ಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನನ್ನನ್ನು ಈ ಪ್ರಶ್ನೆ ಬಹಳ ಕಾಡಿದೆ. ಸುವರ್ಣ ಮಹೋತ್ಸವದ ಈ ಸಂಪುಟದಲ್ಲಿ ಅದನ್ನೇ ಬರೆಯುವುದು ಸರಿಯೆನಿಸಿತು.

ಹಿಂದೆ ಊರ ಮಠದಲ್ಲಿ, ಗುಡಿಯ ಕಟ್ಟೆಯಲ್ಲಿ ಗಾಂವಠಿ ಸಾಲಿಗಳು ನಡೆಯುತ್ತಿದ್ದವು. ಮಕ್ಕಳು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದರು, ಮಗ್ಗಿಯನ್ನು ಬಾಯಿಪಾಠ ಮಾಡುತ್ತಿದ್ದರು. ಆ ಸಾಲಿಯ ಬಾಗಿಲು ಎಲ್ಲ ಜಾತಿಯವರಿಗೆ ತೆರೆದಿರಲಿಲ್ಲ. ಹೆಣ್ಣುಮಕ್ಕಳಂತೂ ಅಲ್ಲಿ ಅಪರೂಪ. ಮುಂಬಯಿ ಪ್ರಾಂತದ ಧಾರವಾಡ, ಬೆಳಗಾವಿ ಕಡೆ 19ನೇ ಶತಮಾನದಲ್ಲೇ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದರು. ನಾವಿದ್ದದ್ದು ನಿಜಾಮರ ಸಂಸ್ಥಾನದಲ್ಲಿ. ಇಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ಭಾರತದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಬಹುದೆಂದು ತೋರಿಸಿದ ಹಿರಿಮೆ ಅದಕ್ಕಿದೆ. ಆದರೂ ಮನೆಯಲ್ಲಿ ಕನ್ನಡ ಆಡುವ ಒಕ್ಕಲಿಗನ ಮಗನಿಗೆ ಓದಿನ ಭಾಷೆ ಬೇರೆಯೇ ಆಯಿತು. ಕಲಬುರಗಿಯಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯದಂಥ ಖಾಸಗಿ ಸಂಸ್ಥೆಗಳು ಪೇಟೆಯ ಮಕ್ಕಳಿಗೆ ಆಸರೆಯಾದವು. ಹಳ್ಳಿಗೆ ಅಂಥ ಆಸರೆ ಬರಲು 1948ರ ಸೆಪ್ಟೆಂಬರ್ 17ರ ವಿಮೋಚನೆ, 1956ರ ಏಕೀಕರಣ ಎರಡೂ ಆಗಬೇಕಾಯಿತು.

ಆಮೇಲೆ ಶಾಲೆಗಳು ಬಂದವು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಆಯಿತು. ಮಧ್ಯಾಹ್ನದ ಬಿಸಿಯೂಟ ‘ಅಕ್ಷರ ದಾಸೋಹ’ ರಾಜ್ಯದಲ್ಲಿ ಮೊದಲು ಆರಂಭವಾದದ್ದು 2002ರಲ್ಲಿ, ನಮ್ಮ ಭಾಗದ ಜಿಲ್ಲೆಗಳಲ್ಲಿಯೇ. ದಾಸೋಹ ಎಂಬ ಶರಣರ ಮಾತು ಸರ್ಕಾರಿ ಯೋಜನೆಯ ಹೆಸರಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 65ರ ಹತ್ತಿರ ಬಂತು.

ಮಕ್ಕಳು ಶಾಲೆಗೆ ಬಂದರು, ಉಂಡರು. ಓದು ಬಂತೇ? 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಯಾಯಿತು. ಪಾಸಾದವರು ನೂರಕ್ಕೆ 42ರಷ್ಟು. ಈ ಸೋಲು ಹತ್ತನೇ ತರಗತಿಯಲ್ಲಿ ಕಂಡರೂ ಅದರ ಬೇರು ಒಂದು, ಎರಡು, ಮೂರನೇ ತರಗತಿಯ ಕನ್ನಡದಲ್ಲಿದೆ. ಓದಲು ಬಾರದ ಮಗು ಗಣಿತದ ಲೆಕ್ಕವನ್ನಾದರೂ ಹೇಗೆ ಓದೀತು?

ನಮ್ಮ ಲಿಪಿಯ ಸ್ವಭಾವವನ್ನು ಊರವರೂ ತಿಳಿಯಬೇಕು. ಮೂಲ ಅಕ್ಷರಗಳು 49. ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಒತ್ತಕ್ಷರ ಬೇರೆ. ‘ಅ ಆ ಇ ಈ’ ಎಂದು ಹಾಡಿದಂತೆ ಹೇಳುವ ಎಷ್ಟೋ ಮಕ್ಕಳಿಗೆ ನಡುವಿನ ಒಂದು ಅಕ್ಷರ ತೋರಿಸಿದರೆ ಗೊತ್ತಾಗುವುದಿಲ್ಲ. ಹಿಂದೆ ನಮ್ಮ ಜಿಲ್ಲೆಯದೇ ಭಾಗವಾಗಿದ್ದ ಯಾದಗಿರಿಯ ಸರ್ಕಾರಿ ಶಾಲೆಗಳಲ್ಲಿ ಶೈಲಜಾ ಮೆನನ್ ಮತ್ತು ಸಂಗಡಿಗರು ಸಣ್ಣ ತರಗತಿಯ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ ಅಧ್ಯಯನ ಮಾಡಿದರು. ಮೂರನೇ ತರಗತಿ ಮುಗಿಸುವಾಗಲೂ ಅನೇಕ ಮಕ್ಕಳು ಕಾಗುಣಿತ, ಒತ್ತಕ್ಷರಗಳಲ್ಲಿ ತೊಡಕುತ್ತಿದ್ದರು. ನಕಲು ಬರೆಯುವುದಕ್ಕೆ ಹೋಗುತ್ತಿದ್ದ ಹೊತ್ತು, ಅರ್ಥ ತಿಳಿದು ಓದುವುದಕ್ಕೆ ಸಿಗುತ್ತಿರಲಿಲ್ಲ.

ಇದಕ್ಕೆ ಶಿಕ್ಷಕರೇ ಕಂಡುಕೊಂಡ ಒಂದು ದಾರಿ ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದು, ನಮ್ಮ ಭಾಷೆಗೆ ಒಗ್ಗಿಸಿದರು. ಅದರಲ್ಲಿ ಅಕ್ಷರಮಾಲೆಯ ಸಾಲು ಮುರಿಯಿತು. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಐದು ಅಕ್ಷರ ಬಂದೊಡನೆ ಮಗು ಸರ, ಅರಸ, ಅಗಸ, ಗರಗಸ ಎಂದು ಓದುತ್ತದೆ. ಹತ್ತು ಬಂದರೆ ಮರ, ದನ, ಜನ, ಮಗ, ಬರ. ನಮ್ಮ ಮಕ್ಕಳಿಗೆ ಇನ್ನೂ ಹತ್ತಿರದ ಪದವೊಂದು ಅದರಲ್ಲಿದೆ: ಬಸವ. ಶರಣಬಸವೇಶ್ವರರ ಜಾತ್ರೆಗೆ ಹೋಗಿ ಬಂದ ಮಗು ತಿಂಗಳೊಳಗೆ ಆ ಹೆಸರನ್ನು ತಾನೇ ಬರೆದರೆ, ಅಕ್ಷರ ತನ್ನದು ಎಂದು ಅದಕ್ಕೆ ತಿಳಿಯುತ್ತದೆ.

ಪ್ರೌಢಶಾಲೆಗೆ ಬಂದೂ ತಡವರಿಸುವ ಮಕ್ಕಳಿಗೆ ನಲಿ-ಕಲಿಯ ಕಾರ್ಡು ಸಾಲದು. ಹದಿಮೂರು ವರ್ಷದವನಿಗೆ ಅದರಿಂದ ನಾಚಿಕೆಯಾಗುತ್ತದೆ. ಅಂಥವರ ಸಲುವಾಗಿ ನಾನು ಮಾಡಿ ನೋಡಿದ ಕೆಲವು ಉಪಾಯಗಳನ್ನು ಹೇಳುತ್ತೇನೆ.

ಮೊದಲನೆಯದು ಬಸ್ಸಿನ ಬೋರ್ಡು. ನಮ್ಮ ಸುತ್ತಲಿನ ಊರ ಹೆಸರುಗಳಲ್ಲಿ ಇಡೀ ವ್ಯಾಕರಣವಿದೆ. ಕಮಲಾಪುರದಲ್ಲಿ ದೀರ್ಘವಿದೆ, ಚಿತ್ತಾಪುರದಲ್ಲಿ ಸಜಾತಿ ಒತ್ತು, ಜೇವರ್ಗಿಯಲ್ಲಿ ಅರ್ಕಾವೊತ್ತು, ಚಿಂಚೋಳಿಯಲ್ಲಿ ಸೊನ್ನೆ. ನಂದೂರ ಎಂಬ ಮೂರೇ ಅಕ್ಷರದಲ್ಲಿ ಸೊನ್ನೆಯೂ ಇದೆ, ದೀರ್ಘವೂ ಇದೆ. ದಿನಕ್ಕೊಂದು ಊರು ಓದಿದರೆ ತಿಂಗಳಲ್ಲಿ ಕಾಗುಣಿತ ಕೈಗೆ ಬರುತ್ತದೆ.

ಎರಡನೆಯದು ಬಾಯಲ್ಲಿರುವ ಪದ. ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಂ ಪದ, ಅವ್ವಂದಿರ ಬೀಸುವ ಪದ ನಮ್ಮ ಮಕ್ಕಳಿಗೆ ಬಾಯಿಪಾಠ. ಭಜನೆಯಲ್ಲಿ ಹಾಡುವ ಹುಡುಗನ ಎದುರಿಗೆ ಅದೇ ಪದವನ್ನು ಹಲಗೆಯ ಮೇಲೆ ಬರೆದು, ಹಾಡುತ್ತ ಬೆರಳಿಡು ಎಂದರೆ, ಮುಂದಿನ ಶಬ್ದ ಯಾವುದೆಂದು ಅವನಿಗೆ ಮೊದಲೇ ಗೊತ್ತು. ಹೆದರಿಕೆ ಹೋಗುತ್ತದೆ, ಕಣ್ಣು ಬಾಯಿಯನ್ನು ಹಿಂಬಾಲಿಸುತ್ತದೆ. ಕವಿರಾಜಮಾರ್ಗದ ಹೊಗಳಿಕೆ ತರಗತಿಯಲ್ಲಿ ಉಪಯೋಗಕ್ಕೆ ಬರುವುದು ಹೀಗೆ.

ಮೂರನೆಯದು ಮಗುವಿನ ಮಾತು. ಪುಸ್ತಕದಲ್ಲಿ ಶಾಲೆ, ಬೇಳೆ. ಮನೆಯಲ್ಲಿ ಸಾಲಿ, ಬ್ಯಾಳಿ. ‘ನಮ್ಮಪ್ಪ ತೊಗರಿ ರಾಶಿಗಿ ಹೋಗ್ಯಾನ್ರಿ’ ಎಂದು ಮಗು ಹೇಳಿದರೆ ಅದನ್ನೇ ಬರೆಸಬೇಕು, ಓದಿಸಬೇಕು. ಆಮೇಲೆ ಪಕ್ಕದಲ್ಲಿ ಪುಸ್ತಕದ ಮಾತು ಬರೆದು ಎರಡನ್ನೂ ಹೋಲಿಸಬೇಕು. ಮೊದಲೇ ತಿದ್ದಿದರೆ ಮಗು ಬಾಯಿ ಮುಚ್ಚುತ್ತದೆ. ಬ್ರೆಜಿಲ್ ದೇಶದ ಪಾಲೊ ಫ್ರೈರೆ 1963ರಲ್ಲಿ ಆಂಗಿಕೋಸ್ ಎಂಬ ಊರಿನಲ್ಲಿ ಸುಮಾರು 300 ಜನ ಕೂಲಿಕಾರರಿಗೆ ಓದು ಕಲಿಸಲು ಹೊರಟಾಗಲೂ ಅವರ ದುಡಿಮೆಯ ಶಬ್ದಗಳಿಂದಲೇ ಆರಂಭಿಸಿದರು.

ನಾಲ್ಕನೆಯದು ಕಥೆ. ಗುಜರಾತದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದಾಗ ಕಥೆಗೆ ದೊಡ್ಡ ಸ್ಥಾನ ಕೊಟ್ಟರು. ದಿನವೂ ಹತ್ತು ನಿಮಿಷ ಶಿಕ್ಷಕರು ಕಥೆಯನ್ನು ಗಟ್ಟಿಯಾಗಿ ಓದಿ, ಕುತೂಹಲದ ಜಾಗದಲ್ಲಿ ನಿಲ್ಲಿಸಲಿ. ಮುಂದೇನಾಯಿತು ಎಂದು ತಿಳಿಯಲು ಮಗು ತಾನೇ ಪುಸ್ತಕ ಕೇಳುತ್ತದೆ.

ಇವುಗಳಿಗೆ ಬೇಕಾಗುವುದು ಹಲಗೆ, ಸುಣ್ಣದ ಕಡ್ಡಿ ಮತ್ತು ಒಬ್ಬ ತಾಳ್ಮೆಯ ಮೇಷ್ಟ್ರು. ಹಲಗೆ ಸಾಲದಾದಾಗ ಶಹಾಬಾದ ಫರ್ಸಿಯ ನೆಲವೇ ನಮ್ಮ ಪಾಟಿಯಾಗಿದೆ.

ಈಗ ಹಳೆಯ ವಿದ್ಯಾರ್ಥಿಗಳಿಗೆ ಮತ್ತು ಊರ ಹಿರಿಯರಿಗೆ ನನ್ನದೊಂದು ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ವಾರಕ್ಕೊಂದು ದಿನ ಊರಿನ ಒಬ್ಬರು ಶಾಲೆಗೆ ಬಂದು ತಮ್ಮ ಕಸುಬಿನ ಕಥೆ ಹೇಳಲಿ. ಮಕ್ಕಳು ಅದನ್ನು ಬರೆದು ಗೋಡೆ ಪತ್ರಿಕೆಗೆ ಅಂಟಿಸಲಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಮನೆಯ ಮಗುವಿನ ಹೆಸರು ಅಲ್ಲಿದೆಯೇ ನೋಡಿರಿ. ಸಂಜೆ ಅದು ಓದುವಾಗ ಓದು ಬಾರದ ಅಜ್ಜಿಯೂ ಪಕ್ಕದಲ್ಲಿ ಕೂತು ಕೇಳಲಿ. ಕೇಳುವವರಿದ್ದರೆ ಮಗು ಓದುತ್ತದೆ.