ಹತ್ತು ವರ್ಷ ಮಣ್ಣಲ್ಲಿದ್ದ ಸಾಕ್ಷಿ

1966. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಓರಾಡೆಲ್‌ನಲ್ಲಿರೋ ರಿವರ್‌ಡೆಲ್ ಅನ್ನೋ ಸಣ್ಣ ಆಸ್ಪತ್ರೆ. ಅಲ್ಲಿ ಕಾರಣ ಗೊತ್ತಾಗದ ಸಾವುಗಳು ಆಗಿದ್ದವು. ಅನುಮಾನ ಬಂದ ಸಹೋದ್ಯೋಗಿಗಳು ಸರ್ಜನ್ ಮಾರಿಯೋ ಜಾಸ್ಕಲೆವಿಚ್ ಅವರ ಲಾಕರ್ ತೆರೆದರೆ ಸಿಕ್ಕಿದ್ದು ಕ್ಯೂರಾರೆಯ 18 ಸೀಸೆಗಳು, ಬಹುತೇಕ ಖಾಲಿ. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ವಿಷ ಇದು. ಆಪರೇಷನ್ ವೇಳೆ ಸ್ನಾಯು ಸಡಿಲಿಸೋಕೆ ಔಷಧಿಯಾಗಿಯೂ ಬಂದಿತ್ತು. ಉಸಿರಾಟಕ್ಕೆ ಆಸರೆ ಕೊಡದೆ ಹೆಚ್ಚು ಕೊಟ್ಟರೆ ಉಸಿರೇ ನಿಲ್ಲುತ್ತದೆ. ನಾಯಿಗಳ ಮೇಲಿನ ಪ್ರಯೋಗಕ್ಕೆ ಇಟ್ಟುಕೊಂಡಿದ್ದೆ ಅಂದರು ಡಾಕ್ಟರು. ಕೇಸು ಅಲ್ಲಿಗೇ ನಿಂತಿತು.

ಹತ್ತು ವರ್ಷದ ನಂತರ, ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರ ಮೈರನ್ ಫಾರ್ಬರ್ ‘ಡಾಕ್ಟರ್ ಎಕ್ಸ್’ ಅಂತ ಬರೆದ ಮೇಲೆ, ಐದು ಹೆಣಗಳನ್ನು ಹೊರತೆಗೆದರು. ಅಷ್ಟರಲ್ಲಿ ಅತಿ ಸಣ್ಣ ಪ್ರಮಾಣವನ್ನೂ ಹಿಡಿಯಬಲ್ಲ ಪರೀಕ್ಷೆಗಳು ಬಂದಿದ್ದವು. ಕ್ಯೂರಾರೆ ಸಿಕ್ಕಿದೆ ಅಂದರು ಸರ್ಕಾರದ ಕಡೆಯ ತಜ್ಞರು. ಹೆಣ ಕೆಡದಂತೆ ಹಾಕಿದ ರಾಸಾಯನಿಕ, ಕೊಳೆತ ಅಂಗಾಂಶ, ಹತ್ತು ವರ್ಷದ ಮಣ್ಣು ಇವುಗಳ ನಡುವೆ ಅದು ಉಳಿಯೋದು ಹೇಗೆ ಅಂತ ಕೇಳಿತು ಎದುರು ಪಕ್ಷ. 1978ರ ವಿಚಾರಣೆಯಲ್ಲಿ ದೊಡ್ಡ ಜಗಳ ಇದೇ. ಎರಡು ಆರೋಪಗಳನ್ನು ನ್ಯಾಯಾಧೀಶರು ಕೈಬಿಟ್ಟರು, ಉಳಿದ ಮೂರರಲ್ಲಿ ಜ್ಯೂರಿ ಖುಲಾಸೆ ಮಾಡಿತು.

ಯಂತ್ರ ಹೊಸದಾಗಿತ್ತು, ಸ್ಯಾಂಪಲ್ ಹಳತಾಗಿತ್ತು. ಅದನ್ನು ಸರಿದೂಗಿಸೋಕೆ ಯಾವ ಯಂತ್ರದಿಂದಲೂ ಆಗಲ್ಲ.

ಹತ್ತು ವರ್ಷವೇ ಬೇಕಿಲ್ಲ. ಸಿರಿಂಜಿಗೆ ಬಂದ ಮೇಲೂ ರಕ್ತದೊಳಗಿನ ಕೆಲಸ ನಿಲ್ಲಲ್ಲ. ಅದರ ಕಿಣ್ವಗಳು ಕೊಕೇನನ್ನು ಒಡೆಯುತ್ತಲೇ ಇರುತ್ತವೆ. ಸೂಕ್ಷ್ಮಜೀವಿ ಸೇರಿದ ರಕ್ತ ಬೆಚ್ಚಗಿದ್ದರೆ ಅದರ ಸಕ್ಕರೆ ಹುಳಿತು ಹೊಸದಾಗಿ ಆಲ್ಕೋಹಾಲೇ ಹುಟ್ಟಬಹುದು. ಅಂದರೆ ತಪ್ಪು ಎರಡೂ ಕಡೆಗೆ ಆಗಬಹುದು: ಇದ್ದದ್ದು ಮಾಯ, ಇಲ್ಲದ್ದು ಹಾಜರ್. ಅದಕ್ಕೇ ಸೋಡಿಯಂ ಫ್ಲೋರೈಡ್ ಹಾಕಿದ ಟ್ಯೂಬು, ಬಿಗಿ ಮುಚ್ಚಳ, 4 ಡಿಗ್ರಿಯ ಫ್ರಿಜ್ಜು, ಬಹಳ ದಿನ ಇಡೋದಾದರೆ ಮೈನಸ್ 20ರ ಫ್ರೀಜರು. ನಮ್ಮಲ್ಲಿ ಪೋಸ್ಟ್‌ಮಾರ್ಟಂ ಆದ ಮೇಲೆ ಒಳಾಂಗಗಳನ್ನು ಸಾಮಾನ್ಯವಾಗಿ ಇಡೋದು, ಇನ್ನು ಕರಗಲ್ಲ ಅನ್ನೋ ಮಟ್ಟಿಗೆ ಅಡುಗೆ ಉಪ್ಪು ಕರಗಿಸಿದ ನೀರಿನಲ್ಲಿ.

‘ವರದಿ ನೆಗೆಟಿವ್’ ಅಂತ ಸುದ್ದಿ ಬಂದ ಕೂಡಲೇ ನಾವು ವಾಟ್ಸಾಪಲ್ಲಿ ತೀರ್ಪು ಕೊಟ್ಟುಬಿಡ್ತೀವಿ. ಸ್ಯಾಂಪಲ್ ಯಾವಾಗ ತೆಗೆದರು, ಲ್ಯಾಬ್ ತಲುಪೋವರೆಗೆ ಎಲ್ಲಿತ್ತು, ಎಷ್ಟು ಡಿಗ್ರಿಯಲ್ಲಿತ್ತು ಅಂತ ಕೇಳೋರು ಕಡಿಮೆ. ಓರಾಡೆಲ್‌ನಲ್ಲಿ ಮನೆಯವರನ್ನು ಕಳೆದುಕೊಂಡವರಿಗೂ, ಆರೋಪ ಹೊತ್ತ ಡಾಕ್ಟರಿಗೂ 1966ರಲ್ಲೇ ತಣ್ಣಗೆ ತೆಗೆದಿಟ್ಟ ಒಂದು ಸೀಸೆ ರಕ್ತ ಬೇಕಾಗಿತ್ತು.